ಕೈ ಮೊದಲೋ, ಹೊಳಹು ಮೊದಲೋ

ಚಿತ್ರಕಲಾ ಕಾಲೇಜಿನ ಮೊದಲ ಎರಡು ವರ್ಷ ಮಕ್ಕಳಿಗೆ ಅಂಥ ಗೊಂದಲವೇನೂ ಇರುವುದಿಲ್ಲ. ಮುಂದೆ ಮಡಕೆ ಇಟ್ಟರೆ ಮಡಕೆ, ಮನುಷ್ಯರನ್ನು ಕೂರಿಸಿದರೆ ಮನುಷ್ಯರು. ಸ್ಟಿಲ್ ಲೈಫ್, ಪೋರ್ಟ್ರೇಟ್, ಔಟ್‌ಡೋರ್ ಎಂದು ವೇಳಾಪಟ್ಟಿಯೇ ವಿಷಯ ಒದಗಿಸುತ್ತದೆ. ಮುಂದಿನ ವರ್ಷಗಳಲ್ಲಿ ಯಾರೋ ಮಡಕೆ ಎತ್ತಿಟ್ಟು, 'ಇನ್ನು ನಿನ್ನದನ್ನು ಮಾಡು' ಎನ್ನುತ್ತಾರೆ. ಫಜೀತಿ ಶುರುವಾಗುವುದು ಅಲ್ಲಿಂದ.

ಅಂಥ ಫಜೀತಿಯಲ್ಲಿರುವ, ತಿಪಟೂರು ಕಡೆಯಿಂದ ಬಂದು ಮೈಸೂರಿನಲ್ಲಿ ಪೇಂಟಿಂಗ್ ಓದುತ್ತಿರುವ ಒಬ್ಬ ವಿದ್ಯಾರ್ಥಿನಿ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದ, ಬಿಡುವಿನಲ್ಲಿ ಅಂಗಡಿ ಬೋರ್ಡುಗಳನ್ನೂ ಬರೆದು ಸಂಸಾರ ತೂಗಿಸಿದ ಒಬ್ಬ ಮೇಷ್ಟ್ರು. ಇಬ್ಬರೂ ಜಗನ್ಮೋಹನ ಅರಮನೆಯ ಗ್ಯಾಲರಿ ನೋಡಿಕೊಂಡು ಹೊರಗೆ ಬಂದು ನೆರಳಿನಲ್ಲಿ ಕೂತಿದ್ದಾರೆ ಎಂದುಕೊಳ್ಳಿ.

ವಿದ್ಯಾರ್ಥಿನಿ: ಕೆಲಸ ನೋಡಿ ಮಾರ್ಕ್ಸ್ ಹಾಕೋ ಜ್ಯೂರಿ ಹತ್ತಿರ ಬರ್ತಿದೆ ಸರ್. ದೊಡ್ಡ ಕ್ಯಾನ್ವಾಸ್ ಬಿಗಿದು, ಪ್ರೈಮರ್ ಹಚ್ಚಿ, ಗೋಡೆಗೆ ಒರಗಿಸಿದೀನಿ. ದಿನಾ ಸ್ಟುಡಿಯೋಗೆ ಹೋಗ್ತೀನಿ, ನೋಡ್ತೀನಿ, ಬರ್ತೀನಿ. ಏನೂ ಹೊಳೀತಿಲ್ಲ.

ಮೇಷ್ಟ್ರು: ನೋಡೋಕೆ ಹೋದರೆ ಹೊಳೆಯಲ್ಲ ಕಣಮ್ಮ. ಬರೆಯೋಕೆ ಹೋಗು. ಮೊದಲು ಕೈ ಓಡಬೇಕು, ಆಮೇಲೆ ತಲೆ ಓಡುತ್ತೆ. ನಾವು ಕಲಿತಿದ್ದು ಹಾಗೇ.

ವಿದ್ಯಾರ್ಥಿನಿ: ಕೈ ಓಡ್ತಾನೇ ಇದೆ ಸರ್, ಅದೇ ನನ್ನ ಕಷ್ಟ. ದೇವರಾಜ ಮಾರ್ಕೆಟ್ಟಿಗೆ ಹೋಗಿ ಕುಂಕುಮದ ರಾಶಿ ಬರೆದೆ. ಹೂವಿನ ಕುಕ್ಕೆ ಬರೆದೆ, ಬಾಳೆಹಣ್ಣಿನ ಗೊನೆ ಬರೆದೆ. ಎಲ್ಲರೂ ಚೆನ್ನಾಗಿದೆ ಅಂದರು. ನಮ್ಮ ಕಾಲೇಜಿನ ಸರ್ ಒಬ್ಬರು ಮಾತ್ರ ನೋಡಿ, 'ಕ್ಯಾಲೆಂಡರಿಗೆ ಕೊಡಬಹುದು' ಅಂದುಬಿಟ್ಟರು. ನನಗೂ ಒಳಗೊಳಗೆ ಹಾಗೇ ಅನ್ನಿಸಿತ್ತು. ಮೈಸೂರಿಗೆ ಬಂದ ಟೂರಿಸ್ಟ್ ಎಲ್ಲಿ ನಿಂತು ಫೋಟೋ ತೆಗೀತಾನೋ ನಾನೂ ಅಲ್ಲೇ ನಿಂತಿದ್ದೆ.

ಮೇಷ್ಟ್ರು: ನಿಂತ ಜಾಗದ ತಪ್ಪಿಗೆ ಕೈಯನ್ನು ಯಾಕೆ ಬೈತೀಯ? ಒಳಗೆ ಈಗ ತಾನೆ ನೋಡಿದೆಯಲ್ಲ, ದೀಪ ಹಿಡಿದ ಹೆಂಗಸಿನ ಚಿತ್ರ. ಬಂದವರಲ್ಲಿ ಅರ್ಧ ಜನ ಅದು ರವಿವರ್ಮನದು, ಎಣ್ಣೆಬಣ್ಣದ್ದು ಅಂದುಕೊಂಡು ಹೋಗ್ತಾರೆ. ಬರೆದವರು ಎಸ್. ಎಲ್. ಹಳದಣಕರ್, ಅದು ಜಲವರ್ಣ, ಕಾಗದದ ಮೇಲೆ. ನಲವತ್ತರ ದಶಕದ ಕೆಲಸ, ಆಗ ಅವರಿಗೆ ಅರವತ್ತು ದಾಟಿತ್ತು. ಜಲವರ್ಣದಲ್ಲಿ ಬೆಳಕು ಅಂದರೆ ಬಿಳಿ ಬಣ್ಣ ಬಳಿಯೋದಲ್ಲ, ಕಾಗದದ ಬಿಳಿಯನ್ನು ಉಳಿಸಿಕೊಳ್ಳೋದು. ಸುತ್ತಲಿನ ಕತ್ತಲನ್ನು ತೆಳ್ಳಗೆ, ಪದರದ ಮೇಲೆ ಪದರ ಕೂರಿಸಬೇಕು. ಒಂದು ಕಡೆ ನೀರು ಹೆಚ್ಚಾದರೆ ಮುಗೀತು. ದೀಪದ ಬೆಳಕು ಬೆರಳ ಸಂದಿಯಲ್ಲಿ ಕೆಂಪಾಗಿ ಕಾಣುತ್ತಲ್ಲ, ಹೊಳಹನ್ನು ನಂಬಿಕೊಂಡು ಕೂತಿದ್ದರೆ ಅದು ಬರ್ತಿತ್ತಾ?

ವಿದ್ಯಾರ್ಥಿನಿ: ಬರ್ತಿರಲಿಲ್ಲ, ಒಪ್ಕೋತೀನಿ. ಆದರೆ ಆ ಚಿತ್ರಕ್ಕೆ ನಿಂತವರು ಅವರ ಮಗಳು. ದೀಪಾವಳಿಯಲ್ಲಿ ಮಗಳು ದೀಪ ಹಿಡಿದಿದ್ದು ನೋಡಿ ಅವರಿಗೆ ಅದು ಹೊಳೆಯಿತು ಅಂತ ಹೇಳ್ತಾರೆ. ಅಷ್ಟೇ ಪಳಗಿದ ಕೈ ಅವರಿದ್ದ ಆ ಕಾಲದ ಮುಂಬೈಯಲ್ಲಿ ಇನ್ನೂ ಹತ್ತು ಜನಕ್ಕಿತ್ತು. ಅವರ ಯಾವ ಚಿತ್ರದ ಮುಂದೆ ಜನ ಹೀಗೆ ನಿಲ್ತಾರೆ? ಕೈ ಎಲ್ಲರಿಗೂ ಇತ್ತು ಸರ್, ಆ ಸಂಜೆ ಒಬ್ಬರಿಗೆ ಮಾತ್ರ ಸಿಕ್ಕಿತು.

ಮೇಷ್ಟ್ರು: ಸಂಜೆ ಎಲ್ಲರ ಮನೆಗೂ ಬರುತ್ತೆ. ಹಬ್ಬದಲ್ಲಿ ದೀಪ ಹಿಡಿಯೋ ಮಗಳೂ ಎಲ್ಲರ ಮನೆಯಲ್ಲಿ ಇರ್ತಾಳೆ. 'ಇದನ್ನು ಜಲವರ್ಣದಲ್ಲಿ ತರಬಹುದು' ಅಂತ ಯಾರಿಗೆ ಕಾಣುತ್ತೆ? ಜಲವರ್ಣದಲ್ಲಿ ಏನು ಸಾಧ್ಯ, ಏನು ಅಸಾಧ್ಯ ಅಂತ ಬಲ್ಲವನಿಗೆ. ನೋಡೋ ಕಣ್ಣನ್ನು ತಯಾರು ಮಾಡಿದ್ದೇ ಕೈ.

ವಿದ್ಯಾರ್ಥಿನಿ: ನಿಮ್ಮ ಮಾತಿಗೆ ನಿಮ್ಮ ಕಡೆಯವರನ್ನೇ ಸಾಕ್ಷಿ ಕರೀತೀರಿ. ನಾನು ರುಮಾಲೆ ಚನ್ನಬಸವಯ್ಯ ಅವರನ್ನು ಕರೀತೀನಿ. ಚಿತ್ರಕಲೆ ಕಲಿತವರು, ಸ್ವಾತಂತ್ರ್ಯ ಚಳವಳಿಗೆ ಹೋದರು, ಆಮೇಲೆ ರಾಜಕೀಯ, ಪತ್ರಿಕೆ. ಎಷ್ಟೋ ವರ್ಷ ಕುಂಚ ಪಕ್ಕಕ್ಕಿಟ್ಟಿದ್ದು, ಅರವತ್ತರ ದಶಕದಲ್ಲಿ ಮತ್ತೆ ಕೈಗೆತ್ತಿಕೊಂಡರು. ಬೆಂಗಳೂರಿನ ಗುಲ್‌ಮೊಹರ್, ಜಕರಂದ ಹೂ ಬಿಟ್ಟಿದ್ದನ್ನು ಅವರ ಹಾಗೆ ಬರೆದವರು ಯಾರಿದ್ದಾರೆ? ದಿನನಿತ್ಯದ ಸಾಧನೆಯೇ ಎಲ್ಲ ಅನ್ನೋದಾದರೆ ಅವರ ಕೈ ತುಕ್ಕು ಹಿಡಿದಿರಬೇಕಿತ್ತು.

ಮೇಷ್ಟ್ರು: ಒಳ್ಳೇ ಸಾಕ್ಷಿ. ಆದರೆ ಅವರು ಆ ಮರಗಳನ್ನು ಮನೆಯಲ್ಲಿ ಕೂತು ನೆನಪಿಸಿಕೊಂಡು ಬರೆಯಲಿಲ್ಲ. ಬೀದಿಗೆ ಹೋಗಿ ಮರದ ಎದುರಿಗೆ ಕೂತು ಬರೆದರು. ಬಣ್ಣ ಇಟ್ಟುಕೊಂಡು ಬಿಸಿಲಿನಲ್ಲಿ ಕೂತರೆ ಗೊತ್ತಾಗುತ್ತೆ, ಬಣ್ಣ ಒಣಗೋಕೆ ಮುಂಚೆ ಬೆಳಕು ಜಾಗ ಬದಲಾಯಿಸಿರುತ್ತೆ. ಅವರು ಎಷ್ಟು ವರ್ಷ ಬಿಟ್ಟಿದ್ದರು ಅನ್ನೋದನ್ನ ಹಿಡಿದುಕೊಂಡಿದೀಯ. ಮತ್ತೆ ಕುಂಚ ಹಿಡಿದ ಮೇಲೆ ಹೇಗೆ ಹಿಡಿದರು ಅನ್ನೋದನ್ನೂ ನೋಡು.

ವಿದ್ಯಾರ್ಥಿನಿ: ಸರಿ, ಇನ್ನೊಂದು ಕೇಳ್ತೀನಿ. ನಿಮ್ಮ ಕಾಲದಲ್ಲಿ ನೋಡೋಕೆ ಚಿತ್ರಗಳೇ ಕಮ್ಮಿ ಇದ್ವು. ನನ್ನ ಫೋನಿನಲ್ಲಿ ಒಂದು ಗಂಟೆಗೆ ಸಾವಿರ ಚಿತ್ರ ಹಾದುಹೋಗುತ್ತೆ. ನಾನು ಏನಾದರೂ ಯೋಚನೆ ಮಾಡೋಷ್ಟರಲ್ಲಿ ಕೊರಿಯಾದವನೋ ಮೆಕ್ಸಿಕೋದವಳೋ ಅದನ್ನ ಮಾಡಿ, ಫ್ರೇಮು ಹಾಕಿ, ಗೋಡೆಗೆ ನೇತುಹಾಕಿ ಆಗಿರುತ್ತೆ. ನನ್ನ ಪಕ್ಕದ ಹುಡುಗ ಎರಡು ಸಾಲು ಟೈಪ್ ಮಾಡಿ ಕಂಪ್ಯೂಟರಿನಿಂದ ಚಿತ್ರ ತೆಗೀತಾನೆ, ಅದನ್ನೇ ನೋಡಿಕೊಂಡು ಕ್ಯಾನ್ವಾಸಿಗೆ ಇಳಿಸ್ತಾನೆ. ಇದರ ಮಧ್ಯೆ ನನ್ನದು ಅಂತ ಏನು ಉಳಿಯುತ್ತೆ?

ಮೇಷ್ಟ್ರು: ಬೇರೆಯವರ ಚಿತ್ರ ನೋಡಿ ಬರೆಯೋದು ಹೊಸ ರೋಗವೇನಲ್ಲ. ವ್ಯಾನ್ ಗಾಗ್ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ, 1889-90ರಲ್ಲಿ, ಫ್ರೆಂಚ್ ಚಿತ್ರಕಾರ ಮಿಲೆ ಬರೆದ ರೈತರ ಚಿತ್ರಗಳನ್ನು ಇಪ್ಪತ್ತರಷ್ಟು ಮತ್ತೆ ಬರೆದ. ತಮ್ಮ ಕಳಿಸಿದ ಕಪ್ಪು ಬಿಳುಪಿನ ಮುದ್ರಣ ಎದುರಿಗಿಟ್ಟುಕೊಂಡು, ಬಣ್ಣ ತಾನೇ ಕೂಡಿಸಿ. ಅದನ್ನ ನೋಡಿದವರು ಮಿಲೆಯದು ಅಂತಾರಾ? ಇಲ್ಲ, ಎಷ್ಟು ದೂರದಿಂದ ನೋಡಿದರೂ ವ್ಯಾನ್ ಗಾಗನದೇ.

ವಿದ್ಯಾರ್ಥಿನಿ: ಅವನಿಗೆ ಮಿಲೆ ಸಿಕ್ಕಿದ, ಅವನೊಂದಿಗೆ ಕೂತ. ನನಗೆ ಸಾವಿರ ಮಿಲೆಗಳು ಸಿಗ್ತಾರೆ, ಯಾರ ಜೊತೆಗೂ ಕೂರೋಕೆ ಆಗಲ್ಲ.

ಮೇಷ್ಟ್ರು: ಫೋನು ಮುಚ್ಚಿಡು ಅಂದರೆ ಹಳೇ ಕಾಲದವನು ಅಂತೀಯ.

ವಿದ್ಯಾರ್ಥಿನಿ: ಅನ್ನಲ್ಲ. ಮುಚ್ಚಿಟ್ಟೂ ನೋಡಿದೆ. ತೆರೆದಾಗ ತಲೆ ತುಂಬಿತ್ತು, ಮುಚ್ಚಿದಾಗ ಖಾಲಿಯಾಯಿತು, ಅಷ್ಟೇ. ನನಗನ್ನಿಸುತ್ತೆ, ಚಿತ್ರದಿಂದ ಚಿತ್ರ ಹುಟ್ಟೋದಕ್ಕಿಂತ ಬದುಕಿನಿಂದ ಹುಟ್ಟಬೇಕು. ಅಮೃತಾ ಶೆರ್‌ಗಿಲ್ ಪ್ಯಾರಿಸಿನಲ್ಲಿ ಓದಿ, ಬಹುಮಾನ ತಗೊಂಡು, ಕೈಯಲ್ಲಿ ಎಲ್ಲ ವಿದ್ಯೆ ಇಟ್ಟುಕೊಂಡೇ 1934ರಲ್ಲಿ ವಾಪಸ್ ಬಂದರು. ಆಮೇಲೆ ಅಜಂತಾ ನೋಡಿದರು, ದಕ್ಷಿಣಕ್ಕೆ ಬಂದರು, ಕೊಚ್ಚಿಯ ಮಟ್ಟಂಚೇರಿ ಅರಮನೆಯ ಗೋಡೆ ನೋಡಿದರು. 1937ರಲ್ಲಿ ಬರೆದ ಮದುಮಗಳ ಸಿಂಗಾರ, ಬ್ರಹ್ಮಚಾರಿಗಳು, ಸಂತೆಗೆ ಹೊರಟ ಹಳ್ಳಿಯವರು, ಆ ಮೂರು ಚಿತ್ರ ಪ್ಯಾರಿಸಿನಲ್ಲಿ ಕೂತು ದಿನಾ ಕೈ ಓಡಿಸಿದ್ದರೆ ಬರ್ತಿದ್ವಾ? ಅವರು ಎದ್ದು ಹೊರಟರು. ನೀವು ನನಗೆ ಕೂರು ಅಂತೀರಿ.

ಮೇಷ್ಟ್ರು: ಕೂತವರೂ ಇದ್ದಾರಲ್ಲ! ಫ್ರಾನ್ಸಿನ ಸೆಜಾನ್ ತನ್ನೂರಿನ ಒಂದೇ ಬೆಟ್ಟವನ್ನು, ಸೇಂಟ್ ವಿಕ್ಟೋರ್ ಅಂತ, ಎಣ್ಣೆಬಣ್ಣ ಜಲವರ್ಣ ಎರಡರಲ್ಲೂ ಸೇರಿ ಹತ್ತಾರು ಸಲ ಬರೆದ. 1906ರಲ್ಲಿ ಬಯಲಿನಲ್ಲಿ ಬರೀತಾ ಇರುವಾಗಲೇ ಮಳೆಗೆ ಸಿಕ್ಕಿ, ಕಾಯಿಲೆ ಬಿದ್ದು, ಕೆಲವೇ ದಿನದಲ್ಲಿ ತೀರಿಕೊಂಡ. ಹೊಸ ವಿಷಯ ಹುಡುಕಿಕೊಂಡು ಅವನು ಎಲ್ಲೂ ಅಲೆಯಲಿಲ್ಲ.

ವಿದ್ಯಾರ್ಥಿನಿ: ಅವನ ಬೆಟ್ಟ ಅವನಿಗೆ ಮೊದಲೇ ಸಿಕ್ಕಿತ್ತು. ನನ್ನ ಬೆಟ್ಟ ಯಾವುದು ಅನ್ನೋದೇ ನನ್ನ ಪ್ರಶ್ನೆ. ಅದನ್ನ ಕೈ ಹೇಳಲ್ಲ. ನಮ್ಮ ಕಡೆಯವರನ್ನೇ ನೋಡಿ. ಕಟ್ಟಿಂಗೇರಿಯ ಹೆಬ್ಬಾರರು ಮುಂಬೈಯ ಜೆ. ಜೆ. ಸ್ಕೂಲಿನಲ್ಲಿ ಕಲಿತು ಅಲ್ಲೇ ಕಲಿಸ್ತಿದ್ದವರು. ರೇಖೆಗೆ ಲಯ ಬೇಕು ಅಂತ ಕಥಕ್ ಕಲಿಯೋಕೆ ಹೋದರು. ವೆಂಕಟಪ್ಪನವರು ಕಲ್ಕತ್ತದಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತು ಬಂದು, ವೀಣೆ ಶೇಷಣ್ಣನವರ ಹತ್ತಿರ ವೀಣೆ ಹಿಡಿದರು. ಇವರೆಲ್ಲ ಚಿತ್ರದ ಹೊರಗೆ ಏನನ್ನೋ ಹುಡುಕ್ತಿದ್ದರು ಅನ್ನೋದು ಸುಳ್ಳಾ?

ಮೇಷ್ಟ್ರು: ಸುಳ್ಳಲ್ಲ. ಆದರೆ ಕಥಕ್ಕಿಗೆ ತತ್ಕಾರ ಹಾಕಬೇಕು, ವೀಣೆಗೆ ಸರಳೆ ಜಂಟಿ ನುಡಿಸಬೇಕು. ಒಂದು ಸಾಧನೆಯಿಂದ ಬೇಸತ್ತು ಸುಮ್ಮನೆ ಕೂರಲಿಲ್ಲ, ಇನ್ನೊಂದು ಸಾಧನೆಗೆ ಹೋದರು. ಹೆಬ್ಬಾರರ ಗೆರೆ ನೋಡು, ನಾಲ್ಕೇ ಎಳೆತದಲ್ಲಿ ಕುಣಿಯೋ ಮೈ ನಿಂತಿರುತ್ತೆ. ಕಾಲು ಕಲಿತಿದ್ದು ಕೈಗೆ ಬಂದಿದೆ.

ವಿದ್ಯಾರ್ಥಿನಿ: ಈಗ ಒಂದು ಕಠಿಣ ಮಾತು ಕೇಳಲಾ? ಬೇಜಾರು ಮಾಡ್ಕೋಬಾರದು.

ಮೇಷ್ಟ್ರು: ಕೇಳು.

ವಿದ್ಯಾರ್ಥಿನಿ: ನೀವು ಅಂಗಡಿ ಬೋರ್ಡು ಬರೀತಿದ್ದವರು. ಸಿನಿಮಾ ಬ್ಯಾನರ್ ಬರೆಯೋರನ್ನೆಲ್ಲ ಬಲ್ಲಿರಿ. ಮೂವತ್ತಡಿ ಎತ್ತರಕ್ಕೆ ರಾಜ್‌ಕುಮಾರ್ ಮುಖವನ್ನು ಚೌಕ ಹಾಕಿ ಏರಿಸಿ, ಏಣಿ ಮೇಲೆ ನಿಂತು ಬರೆಯೋರು. ಕೈ ಅಂದರೆ ಅವರದು. 2000ದ ಆಚೀಚೆ ಫ್ಲೆಕ್ಸ್ ಬಂತು, ಅವರೆಲ್ಲ ಎಲ್ಲಿ ಹೋದರು? ಪಳಗಿದ ಕೈ ಅವರನ್ನು ಉಳಿಸಲಿಲ್ಲ. ಯಂತ್ರ ಮೊದಲು ನುಂಗಿದ್ದೇ ಪಳಗಿದ ಕೈಯನ್ನ. ಈಗಿನ ಯಂತ್ರ ಇನ್ನೂ ಹಸಿದುಕೊಂಡು ಬಂದಿದೆ. ನಾನು ಕೈಯನ್ನೇ ನಂಬಿಕೊಂಡರೆ ನನ್ನ ಗತಿ?

(ಮೇಷ್ಟ್ರು ತಕ್ಷಣ ಉತ್ತರ ಕೊಡುವುದಿಲ್ಲ.)

ಮೇಷ್ಟ್ರು: ನೀನು ಹೇಳಿದ್ದು ನಿಜ. ಒಬ್ಬರು ಆಟೋ ಓಡಿಸೋಕೆ ಹೋದರು. ಇನ್ನೊಬ್ಬರು ಫ್ಲೆಕ್ಸ್ ಅಂಗಡಿಯಲ್ಲೇ ಕಂಪ್ಯೂಟರ್ ಮುಂದೆ ಕೂತರು. ನಾವು ಬರೀತಿದ್ದಿದ್ದು ಗಿರಾಕಿ ಹೇಳಿದ್ದನ್ನ. ಅಕ್ಷರ ದಪ್ಪ ಬೇಕು ಅಂದರೆ ದಪ್ಪ, ನೆರಳು ಬೇಕು ಅಂದರೆ ನೆರಳು. 'ನಿನಗೇನು ಬೇಕು' ಅಂತ ಯಾರೂ ಕೇಳಲಿಲ್ಲ, ನಾವೂ ಕೇಳಿಕೊಳ್ಳಲಿಲ್ಲ. ಹೇಳಿದ್ದನ್ನು ಮಾಡೋ ಕೈ ಇದ್ದರೆ, ಹೇಳಿದ್ದನ್ನು ಅಗ್ಗಕ್ಕೆ ಮಾಡೋ ಯಂತ್ರ ಬಂದಾಗ ಆ ಕೈ ಸೋಲುತ್ತೆ. ಅಷ್ಟರಮಟ್ಟಿಗೆ ನೀನು ಗೆದ್ದೆ.

ವಿದ್ಯಾರ್ಥಿನಿ: ಗೆಲ್ಲೋಕೆ ಕೇಳಲಿಲ್ಲ ಸರ್.

ಮೇಷ್ಟ್ರು: ಗೊತ್ತು. ನಾನೂ ಒಂದು ಕೇಳ್ತೀನಿ. ನಿಮ್ಮದು ತೆಂಗಿನ ತೋಟ ಅಲ್ವಾ? ಮನೆಯಲ್ಲಿ ಅಟ್ಟ ಇದೆಯಾ?

ವಿದ್ಯಾರ್ಥಿನಿ: ಇದೆ. ಕೊಬ್ಬರಿ ಅಟ್ಟ. ಸಿಪ್ಪೆ ಸಮೇತ ಕಾಯಿಗಳನ್ನ ಹಾಕಿ ಬಿಡ್ತಾರೆ. ಒಂದು ವರ್ಷದ ಹತ್ತಿರ ಅಲ್ಲೇ ಇರುತ್ತೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟುಕೊಳ್ಳುತ್ತೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಡಗಡ ಅನ್ನಬೇಕು, ಆಗ ಇಳಿಸಿ ಸುಲೀತಾರೆ. ತಿಪಟೂರು ಮಾರುಕಟ್ಟೆಗೆ ಹೋಗೋ ಉಂಡೆ ಕೊಬ್ಬರಿ ಅದೇ.

ಮೇಷ್ಟ್ರು: ಅಲ್ಲಿ ಬೆಳಕು ಹೇಗೆ ಬರುತ್ತೆ?

ವಿದ್ಯಾರ್ಥಿನಿ: ಹೆಂಚಿನ ಸಂದಿಯಿಂದ. ಕೆಳಗಿನಿಂದ ಗಳುಗಳ ನಡುವೆ ಸ್ವಲ್ಪ. ಒಲೆ ಹೊಗೆ ಹಿಡಿದು ಎಲ್ಲ ಒಂದೇ ಬಣ್ಣ ಆಗಿರುತ್ತೆ. ಕಪ್ಪೂ ಅಲ್ಲ, ಕಂದೂ ಅಲ್ಲ.

ಮೇಷ್ಟ್ರು: ಯಾವ ಟ್ಯೂಬಿನಲ್ಲಿ ಸಿಗುತ್ತೆ ಆ ಬಣ್ಣ?

ವಿದ್ಯಾರ್ಥಿನಿ: ಸಿಗಲ್ಲ. ಆದರೆ ನೀವು ಎಲ್ಲಿಗೆ ಬರ್ತಿದೀರಿ ಅಂತ ಗೊತ್ತಾಯ್ತು. 'ಹಳ್ಳಿಯಿಂದ ಬಂದಿದೀಯ, ಹಳ್ಳಿ ಬರೆ.' ಎಲ್ಲರೂ ಇದನ್ನೇ ಹೇಳೋದು. ನಗರದ ಹುಡುಗ ಏನು ಬೇಕಾದರೂ ಬರೀಬಹುದು. ತನ್ನ ಕನಸು, ತನ್ನ ಸಿಟ್ಟು, ಬರೀ ಚೌಕ ವೃತ್ತ. ಹಳ್ಳಿಯವಳು ಮಾತ್ರ ಎತ್ತಿನಗಾಡಿ, ನೀರು ಹೊರೋ ಹೆಂಗಸು, ಜಾತ್ರೆ ಬರೀಬೇಕು. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಯಲ್ಲಿ ಕುಮಾರಕೃಪಾ ರಸ್ತೆ ಉದ್ದಕ್ಕೂ ನೋಡಿ, ಇಂಥ ಚಿತ್ರಗಳ ಮುಂದೆ ಜನ ಜಾಸ್ತಿ ನಿಲ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೋಡೆಗೆ ನಮ್ಮೂರು ಬೇಕು, ಆದರೆ ಸಗಣಿ ವಾಸನೆ ಇಲ್ಲದ ನಮ್ಮೂರು. ನನಗೆ ಆ ವ್ಯಾಪಾರ ಬೇಡ.

ಮೇಷ್ಟ್ರು: ಹಳ್ಳಿ ಬರೆ ಅಂತ ನಾನೆಲ್ಲಿ ಹೇಳಿದೆ? ಹೆಸರಿಲ್ಲದ ಬಣ್ಣ ಒಂದು ನಿನಗೆ ಗೊತ್ತಿದೆ ಅಂದೆ. ಅದು ಹಳ್ಳಿಯದೂ ಅಲ್ಲ, ನಗರದ್ದೂ ಅಲ್ಲ. ಕಣ್ಣಿನದು. ಬರ್ನ್ಟ್ ಸಿಯೆನ್ನಾಗೆ ಅಲ್ಟ್ರಾಮರೀನ್ ನೀಲಿ ಬೆರೆಸು. ಒಂದು ಕಡೆಗೆ ವಾಲಿದರೆ ಬೆಚ್ಚಗಿನ ಕಂದು, ಇನ್ನೊಂದು ಕಡೆಗೆ ವಾಲಿದರೆ ತಣ್ಣನೆಯ ಬೂದು, ನಡುವೆ ಕಪ್ಪಿನ ಹತ್ತಿರದ್ದು. ಬರೀ ಎರಡು ಬಣ್ಣದಲ್ಲಿ ನಿಮ್ಮ ಅಟ್ಟದ ಕತ್ತಲನ್ನು ಎಷ್ಟು ಮೆಟ್ಟಿಲು ಇಳಿಸಬಹುದು ನೋಡು. ಅದರಲ್ಲಿ ಕಾಯಿ ಕಾಣಬೇಕು ಅಂತಲೂ ಇಲ್ಲ.

ವಿದ್ಯಾರ್ಥಿನಿ: ಅದು ಎಕ್ಸರ್‌ಸೈಜ್ ಆಯಿತು, ಚಿತ್ರ ಆಗಲ್ಲ. ನೀವು ಅಟ್ಟದ ಮಾತು ತೆಗೆದಿದ್ದಕ್ಕೆ ಹೇಳ್ತೀನಿ. ಕಾಯಿಯನ್ನ ದಿನಾ ಒಡೆದು ನೋಡಿದರೆ ಕೊಬ್ಬರಿ ಆಗಲ್ಲ ಸರ್. ಅದರ ಪಾಡಿಗೆ ಬಿಡಬೇಕು. ನಿಮ್ಮ ದಿನನಿತ್ಯದ ಸಾಧನೆ ಅಂದರೆ ದಿನಾ ಒಂದು ಕಾಯಿ ಒಡೆದ ಹಾಗೆ. ಎಳಸಿರುತ್ತೆ, ನೀರಿರುತ್ತೆ, ಬಿಸಾಕಬೇಕು.

ಮೇಷ್ಟ್ರು: ಅಟ್ಟ ಕಟ್ಟಿದವರು ಯಾರು? ತೋಟದಿಂದ ಹೊತ್ತು ಮೇಲಕ್ಕೆ ಏರಿಸಿದವರು ಯಾರು? ಏನೂ ಏರಿಸದೆ ಕೆಳಗೆ ಕೂತು ಗಡಗಡ ಸದ್ದಿಗೆ ಕಾದರೆ ಇಲಿ ಸದ್ದು ಕೇಳಿಸುತ್ತೆ ಅಷ್ಟೇ.

(ಇಬ್ಬರೂ ನಗುತ್ತಾರೆ. ಕಾಫಿ ಬರುತ್ತದೆ.)

ವಿದ್ಯಾರ್ಥಿನಿ: ಸಾಗರ, ಸೊರಬದ ಕಡೆ ದೀವರ ಹೆಣ್ಣುಮಕ್ಕಳು ಹಸೆ ಚಿತ್ತಾರ ಬರೀತಾರಲ್ಲ, ಅದನ್ನ ನೋಡಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಗೋಡೆಗೆ ಕೆಮ್ಮಣ್ಣು ಬಳೀತಾರೆ, ಅಕ್ಕಿ ಅರೆದು ಬಿಳಿ ಮಾಡ್ಕೋತಾರೆ, ಪುಂಡಿ ನಾರೇ ಕುಂಚ. ಆ ಗೆರೆಯ ನೇರ, ಆ ಲೆಕ್ಕಾಚಾರ! ಅವರಲ್ಲಿ ಯಾರೂ 'ನನಗೆ ಇನ್‌ಸ್ಪಿರೇಷನ್ ಬರ್ತಿಲ್ಲ' ಅಂತ ಕೂತಿದ್ದು ಕಾಣಲ್ಲ. ಮದುವೆ ಬಂತು, ಗೋಡೆ ತುಂಬಬೇಕು, ತುಂಬ್ತಾರೆ.

ಮೇಷ್ಟ್ರು: ನಾನು ಹೇಳಬೇಕಿದ್ದ ಮಾತನ್ನ ನೀನೇ ಹೇಳಿದೆ.

ವಿದ್ಯಾರ್ಥಿನಿ: ಪೂರ್ತಿ ಕೇಳಿ. ಅವರಿಗೆ ಮದುವೆ ಇದೆ, ಗೋಡೆ ಇದೆ, ಚೆನ್ನಾಗಿದೆ ಚೆನ್ನಾಗಿಲ್ಲ ಅಂತ ಹೇಳೋಕೆ ಊರಿದೆ. ಅಜ್ಜಿಯಿಂದ ಬಂದ ಆಕಾರಗಳಿವೆ. ನನಗೆ ಇವು ಯಾವುವೂ ಇಲ್ಲ. ನನ್ನ ಚಿತ್ರ ಯಾರಿಗೂ ಬೇಕಿಲ್ಲ. ಬೇಕಿರೋದು ಒಂದು ಜ್ಯೂರಿಗೆ ಮಾತ್ರ, ಅದೂ ಮಾರ್ಕ್ಸ್ ಹಾಕೋಕೆ. ಬೇಕು ಅನ್ನೋರು ಇಲ್ಲದಾಗ ಆ 'ಬೇಕು' ನನ್ನೊಳಗಿಂದಲೇ ಬರಬೇಕಾಗುತ್ತೆ. ನೀವು ಅದನ್ನ ಸೋಮಾರಿತನ ಅಂದುಕೊಂಡಿದೀರಿ.

ಮೇಷ್ಟ್ರು: ಸೋಮಾರಿ ಅನ್ನಲಿಲ್ಲ. ಆದರೆ ಅದು ಒಳಗಿಂದ ಬರೋವರೆಗೂ ಹೊರಗೆ ಹೋಗಿ ಬರೆ ಅಂತೀನಿ. ನಮ್ಮ ಗುರುಗಳು ಹೇಳ್ತಿದ್ದುದು ಅದೇ. ರೈಲ್ವೆ ಸ್ಟೇಷನ್ನಿಗೆ ಹೋಗಿ ಕೂರು, ದನದ ಜಾತ್ರೆಗೆ ಹೋಗು, ಬಸ್ ಸ್ಟ್ಯಾಂಡಿನಲ್ಲಿ ಮಲಗಿರೋರನ್ನ ಬರೆ. ನಾವು ಫುಟ್‌ಪಾತಿನಲ್ಲಿ ಕೂತು ಸ್ಕೆಚ್ ಬುಕ್ ತುಂಬಿಸ್ತಿದ್ವಿ.

ವಿದ್ಯಾರ್ಥಿನಿ: ನೀವು ಕೂತಿರಿ ಸರ್, ನಿಮ್ಮನ್ನ ಯಾರೂ ಎಬ್ಬಿಸಲಿಲ್ಲ. ನಾನು ಬಸ್ ಸ್ಟ್ಯಾಂಡಿನಲ್ಲಿ ಒಬ್ಬಳೇ ಕೂತು ಮಲಗಿರೋ ಗಂಡಸನ್ನ ಬರೆಯೋಕೆ ಆಗುತ್ತಾ? ಮಾರ್ಕೆಟ್ಟಿನಲ್ಲಿ ಕೂತರೆ ಹಿಂದೆ ನಾಲ್ಕು ಜನ ನಿಂತು ಕಾಮೆಂಟ್ ಹೊಡೀತಾರೆ. ಅಂಗಡಿಯವರು 'ವ್ಯಾಪಾರಕ್ಕೆ ಅಡ್ಡ, ಎದ್ದೇಳಮ್ಮ' ಅಂತಾರೆ. ಕುಂಕುಮದ ರಾಶಿ ಯಾಕೆ ಬರೆದೆ ಗೊತ್ತಾ? ಅಲ್ಲಿ ನಿಂತರೆ ಟೂರಿಸ್ಟ್ ಅಂದುಕೊಂಡು ಸುಮ್ಮನೆ ಬಿಡ್ತಾರೆ. ಕ್ಯಾಲೆಂಡರ್ ಅಂದ ನಮ್ಮ ಸರ್‌ಗೆ ಇದು ಗೊತ್ತಿಲ್ಲ.

ಮೇಷ್ಟ್ರು: ಇದು ನನಗೂ ಗೊತ್ತಿರಲಿಲ್ಲ. ಹೆಣ್ಣುಮಕ್ಕಳಿಗೂ ಇದೇ ಪಾಠ ಹೇಳಿ ಕಳಿಸಿದೀನಿ. ಅವರ ಸ್ಕೆಚ್ ಬುಕ್ಕಿನಲ್ಲಿ ಬರೀ ಗಿಡ, ಬಾಗಿಲು, ಬೆಕ್ಕು ಇದ್ದರೆ ಆಸಕ್ತಿ ಇಲ್ಲ ಅಂದುಕೊಳ್ತಿದ್ದೆ.

ವಿದ್ಯಾರ್ಥಿನಿ: ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಲ್ಲಿ ಮಾತ್ರ ನೆಮ್ಮದಿಯಾಗಿ ಕೂತಿದ್ದೆ. ಕ್ಲಾಸಿನವರೆಲ್ಲ ಹೋಗಿದ್ವಿ. ಪಡುವಣ ಗೋಡೆಯ ಪೊಳ್ಳಿಲೂರು ಯುದ್ಧ ಇದೆಯಲ್ಲ, 1780ರಲ್ಲಿ ಹೈದರ್, ಟಿಪ್ಪು ಸೇರಿ ಬ್ರಿಟಿಷರ ಕರ್ನಲ್ ಬೈಲಿಯನ್ನು ಸೋಲಿಸಿದ್ದು, ಅದರ ಒಂದು ಮೂಲೆಯ ಕುದುರೆಗಳನ್ನ ಇದ್ದ ಹಾಗೆ ಇಳಿಸಿಕೊಂಡೆ. ಬರೀತಾ ಬರೀತಾ ಒಂದು ತಿಳೀತು. ಬರೆದವರು ದೂರದ ಕುದುರೆಯನ್ನ ಚಿಕ್ಕದು ಮಾಡಿಲ್ಲ. ಸಾಲಿನ ಮೇಲೆ ಸಾಲು ಪೇರಿಸಿಬಿಟ್ಟಿದ್ದಾರೆ. ಎಲ್ಲ ಕುದುರೆಯೂ ಒಂದೇ ಅಂದುಕೊಂಡರೆ ಒಂದರ ಕಿವಿ ಹಿಂದಕ್ಕೆ, ಒಂದರ ಕಾಲು ಮಡಚಿದೆ. ಆ ಗುಂಪಿನ ಗದ್ದಲ ಬರೋದು ಆ ಪೇರಿಸಿದ್ದರಿಂದ.

ಮೇಷ್ಟ್ರು: ಮುಂದೆ?

ವಿದ್ಯಾರ್ಥಿನಿ: ನೀವು ಅಟ್ಟ ಅಂದಾಗ ಅದು ನೆನಪಾಯಿತು. ಅಟ್ಟವನ್ನ ನಾನು ಯಾವಾಗಲೂ ಒಂದು ಕೋಣೆ ಅಂತ ಯೋಚನೆ ಮಾಡ್ತಿದ್ದೆ. ಇಲ್ಲೊಂದು ಕಂಬ, ಅಲ್ಲೊಂದು ಕಿಂಡಿ, ಆಳ ತೋರಿಸಬೇಕು ಅಂತ. ಆಳ ತೋರಿಸೋಕೆ ಹೋದರೆ ಅದು ಫೋಟೋ ಆಗುತ್ತೆ, ಸಿಂಗಾರದ ಹಳ್ಳಿ ಆಗುತ್ತೆ. ಆಳವೇ ಇಲ್ಲದೆ, ಕಾಯಿಯ ಮೇಲೆ ಕಾಯಿ, ಸಾಲಿನ ಮೇಲೆ ಸಾಲು, ಕ್ಯಾನ್ವಾಸ್ ಅಂಚಿನಿಂದ ಅಂಚಿಗೆ ಪೇರಿಸಿದರೆ? ಎಲ್ಲ ಒಂದೇ ಅನ್ನಿಸಬೇಕು, ಯಾವುದೂ ಒಂದೇ ಇರಬಾರದು.

ಮೇಷ್ಟ್ರು: ನೋಡಿದೆಯಾ! ಕುದುರೆ ಕಾಪಿ ಮಾಡಿದ್ದಕ್ಕೆ ಬಂತು. ಕೈ ಕಲಿತಿತ್ತು, ಸಮಯ ಬಂದಾಗ ಕೊಟ್ಟಿತು.

ವಿದ್ಯಾರ್ಥಿನಿ: ನನ್ನ ಕ್ಲಾಸಿನವರೆಲ್ಲ ಅದೇ ಕುದುರೆ ಕಾಪಿ ಮಾಡಿದರು. ಅವರಿಗ್ಯಾಕೆ ಬರಲಿಲ್ಲ? ನನಗೆ ಒಂದು ತೊಡಕಿತ್ತು, ಅದಕ್ಕೆ ಉತ್ತರ ಬೇಕಿತ್ತು, ಅದಕ್ಕೇ ಬಂತು. ಸುಮ್ಮನೆ ಕೂತು ನೋಡ್ತಿದ್ದೆ ಅಂತ ಬೈದಿರಲ್ಲ, ಆ ನೋಡೋದರಲ್ಲೇ ತೊಡಕು ಬೆಳೀತಿತ್ತು.

ಮೇಷ್ಟ್ರು: ಬಿಡಲ್ಲ ನೀನು.

ವಿದ್ಯಾರ್ಥಿನಿ: ನೀವೂ ಬಿಡಲ್ಲ.

ಮೇಷ್ಟ್ರು: ಹಾಗಾದರೆ ಒಂದು ಕರಾರು. ನೇರವಾಗಿ ದೊಡ್ಡ ಕ್ಯಾನ್ವಾಸಿಗೆ ಹೋಗಬೇಡ. ಮೊದಲು ಊರಿಗೆ ಹೋಗಿ ಅಟ್ಟ ಹತ್ತು, ಇದ್ದಿಲಿನಲ್ಲಿ ಬರೀ ಕತ್ತಲು ಬೆಳಕು ಹಿಡಿ. ಕಣ್ಣು ಅರ್ಧ ಮುಚ್ಚಿಕೊಂಡು ನೋಡಿದರೆ ಯಾವುದು ಕತ್ತಲು ಯಾವುದು ಬೆಳಕು ತಾನಾಗಿ ಬೇರೆಯಾಗುತ್ತೆ. ಬೆಳಗ್ಗೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಆಮೇಲೆ ಎರಡೇ ಬಣ್ಣದಲ್ಲಿ ಚಿಕ್ಕ ಚಿಕ್ಕದು. ಫೋಟೋ ತೆಗೀಬೇಡ. ಹಾಸ್ಟೆಲಿಗೆ ಬಂದು ನೆನಪಿನಿಂದ ಇನ್ನೊಂದು ಬರೆ. ಮರೆತಿದ್ದು ಬೇಡದ್ದು ಅಂತ ತಿಳ್ಕೋ.

ವಿದ್ಯಾರ್ಥಿನಿ: ನನ್ನದೂ ಒಂದು ಕರಾರಿದೆ. ಆ ಚಿಕ್ಕ ಚಿಕ್ಕದರಲ್ಲಿ ನನ್ನ ಕೈ ಸಲೀಸಾಗಿ ಓಡೋಕೆ ಶುರುವಾದ ದಿನ ನಿಲ್ಲಿಸಿಬಿಡ್ತೀನಿ. ನನಗೆ ಗೊತ್ತು, ಸಲೀಸಾದರೆ ಕುಂಕುಮದ ರಾಶಿ ಆಗುತ್ತೆ. ನಿಲ್ಲಿಸಿದಾಗ ನೀವು ಸೋಮಾರಿ ಅನ್ನಬಾರದು. ಸೆಜಾನ್ ಹೆಸರು ಎತ್ತಬಾರದು.

ಮೇಷ್ಟ್ರು: ಎತ್ತಲ್ಲ. ಆದರೆ ಸಲೀಸು ಅನ್ನೋದೆಲ್ಲ ಕೆಟ್ಟದ್ದಲ್ಲ ಅಂತ ಮಾತ್ರ ಹೇಳ್ತೀನಿ. ಹೆಬ್ಬಾರರ ಗೆರೆ ಸಲೀಸಾಗೇ ಇತ್ತು.

ವಿದ್ಯಾರ್ಥಿನಿ: ಅಷ್ಟು ಸಲೀಸಾಗೋಕೆ ಅವರು ಕುಣೀಬೇಕಾಯಿತು.

ಕೈ ಮೊದಲೋ ಹೊಳಹು ಮೊದಲೋ ಎಂಬ ತೀರ್ಮಾನ ಇವರಿಬ್ಬರಿಂದ ಆಗಲಿಲ್ಲ. ಅದು ಆಗಬೇಕಾಗಿಯೂ ಇಲ್ಲ. ಆ ಜಗಳ ನಿಂತ ದಿನ ಅವಳು ಬೋರ್ಡು ಬರೆಯುವವಳಾಗುತ್ತಾಳೆ, ಇಲ್ಲವೇ ಖಾಲಿ ಕ್ಯಾನ್ವಾಸಿನ ಮುಂದೆ ಕೂತುಬಿಡುತ್ತಾಳೆ. ಆದರೆ ಮಾತಿನ ನಡುವೆ ಬಂದ ಒಂದು ವಿಷಯದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯ ಇರಲಿಲ್ಲ, ಮತ್ತು ಅದರ ಪರಿಹಾರ ಅವರ ಕೈಯಲ್ಲೂ ಇಲ್ಲ. ಅದು ಓದುಗರಾದ ನಮ್ಮ ಕೈಯಲ್ಲಿದೆ. ನಿಮ್ಮ ಅಂಗಡಿಯ ಮುಂದೆ, ಬಸ್ ಸ್ಟ್ಯಾಂಡಿನಲ್ಲಿ, ತೋಟದ ಬದುವಿನಲ್ಲಿ ಸ್ಕೆಚ್ ಬುಕ್ ಹಿಡಿದ ಹುಡುಗಿಯೊಬ್ಬಳು ಕೂತಿದ್ದರೆ ಸುತ್ತ ಗುಂಪು ಕಟ್ಟಬೇಡಿ, ಏನು ಬರೆಯುತ್ತಿದ್ದಾಳೆ ಎಂದು ಬಗ್ಗಿ ನೋಡಬೇಡಿ. ಮುಖ್ಯವಾಗಿ, ಅವಳನ್ನು ಎಬ್ಬಿಸಬೇಡಿ.